ಸಾಕುರಾದಲ್ಲಿ ಕುಡಿದ ನೀರು

ಬೇಡವೆಂದು ಅವರಿಗೆ ಅನಿಸಿದ್ದರೆ ಅದನ್ನು ಯಾರಿಗೆ ಹೇಳುತ್ತಿದ್ದರು? ರೈಲು ಹೊರಟು ಒಂದು ನಿಲ್ದಾಣ ದಾಟಿದ ಮೇಲೆ ಸಿದ್ಧಲಿಂಗೇಶನಿಗೆ ಈ ಪ್ರಶ್ನೆ ಹುಟ್ಟಿತು. ಹುಟ್ಟಿದ ಮೇಲೆ ಹೋಗಲಿಲ್ಲ. ಎದುರು ಬದಿಯ ಉದ್ದನೆಯ ಸೀಟಿನಲ್ಲಿ, ಅವನಿಗೆ ನೇರವಾಗದಂತೆ ಎರಡು ಜಾಗ ಸರಿದು, ಅತ್ತೆ ಮಲ್ಲಮ್ಮ ಕುಳಿತಿದ್ದರು. ತಲೆಯ ಮೇಲೆ ಇಳಕಲ್ ಸೀರೆಯ ಸೆರಗು, ಕಾಲಿಗೆ ಅವನ ಹೆಂಡತಿ ಸೌಮ್ಯಾ ರಾಲಿಯಲ್ಲಿ ಕೊಡಿಸಿದ ಬಿಳಿಯ ವಾಕಿಂಗ್ ಶೂ, ಮಡಿಲಲ್ಲಿ ರೊಟ್ಟಿಯ ಡಬ್ಬಿ. ಬೆಳಿಗ್ಗೆ ಜಪಾನಿನ ವಿಮಾನ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಅವನು ರಾಲಿಗೆ ಫೋನು ಮಾಡಿ, ಬೆಂಗಳೂರಿನ ವಿಮಾನ ಇರುವುದು ಸಂಜೆ ಆರಕ್ಕೆ, ಇಪ್ಪತ್ತು ನಿಮಿಷದ ದಾರಿಯಲ್ಲಿ ಸಾಕುರಾ ಎಂಬ ಹಳೆಯ ಕೋಟೆಯ ಊರಿದೆ, ನಿಮ್ಮವ್ವ ಬರುತ್ತಾರಾ ಕೇಳು ಎಂದಿದ್ದ. ಸೌಮ್ಯಾ ಕೇಳಿದ್ದಳು. ಪಕ್ಕದ ಕೋಣೆಯಿಂದ ಅತ್ತೆ ತಮ್ಮ ಫೋನಿಗೆ ಕೊಟ್ಟ ಉತ್ತರ ತೆಳುಗೋಡೆಯ ಮೂಲಕ ಅವನಿಗೂ ಕೇಳಿಸಿತ್ತು. "ಅವರು ಹೆಂಗಂತಾರ ಹಂಗ." ಆ ಉತ್ತರ ಏಳು ಸಾವಿರ ಮೈಲಿ ದೂರದ ಅಮೆರಿಕಕ್ಕೆ ಹೋಗಿ, ಸೌಮ್ಯಾಳ ಬಾಯಿಂದ "ಅವ್ವ ಫುಲ್ ರೆಡಿ ಅದಾಳ, ಹೋಗ್ರಿ" ಎಂದಾಗಿ ಅವನಿಗೆ ಮರಳಿತ್ತು. ಮದುವೆಯಾದ ಆರು ವರ್ಷಗಳಲ್ಲಿ ಅವನ ವಿಷಯದಲ್ಲಿ ಏನು ಕೇಳಿದರೂ ಅತ್ತೆ ಕೊಟ್ಟದ್ದು ಇದೊಂದೇ ಉತ್ತರ. ಇದರಲ್ಲಿ ಒಪ್ಪಿಗೆ ಎಷ್ಟು, ದಣಿವು ಎಷ್ಟು ಎಂದು ಅಳೆಯುವ ಉಪಾಯ ಅವನಿಗೆ ಗೊತ್ತಿರಲಿಲ್ಲ. ಹಗಲೆಲ್ಲ ಔಷಧಿ ಪ್ರಯೋಗಗಳ ಅಂಕಿಗಳನ್ನು ಅಳೆಯುವುದೇ ಅವನ ಕೆಲಸವಾಗಿತ್ತು.

ಗಜೇಂದ್ರಗಡದ ಸೌಮ್ಯಾಳ ತವರಿನಲ್ಲಿ ಅತ್ತೆಯಾದವಳು ಅಳಿಯನ ಜೊತೆ ನೇರವಾಗಿ ಮಾತಾಡುವುದಿಲ್ಲ. ಯಾರೂ ಅದನ್ನು ಅವನಿಗೆ ನಿಯಮವೆಂದು ಹೇಳಿರಲಿಲ್ಲ. ಮದುವೆಯ ಮರುದಿನ ಚಹಾದ ಕಪ್ಪನ್ನು ಕೈಗೆ ಕೊಡದೆ ಅವನೆದುರಿನ ಸ್ಟೂಲಿನ ಮೇಲಿಟ್ಟು, ಗೋಡೆಯ ಕ್ಯಾಲೆಂಡರಿಗೆ "ಸಕ್ಕರಿ ಕಡಿಮಿ ಆದ್ರ ಹೇಳಬೇಕು" ಎಂದಾಗಲೇ ಅವನಿಗೆ ತಿಳಿದಿತ್ತು. ಹೆರಿಗೆಗೆಂದು ರಾಲಿಗೆ ಬಂದ ಮೇಲೆ ಕ್ಯಾಲೆಂಡರಿನ ಕೆಲಸ ಮೊಮ್ಮಗುವಿಗೆ ಬಿತ್ತು. ಇನ್ನೂ ಕತ್ತು ನಿಲ್ಲದ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, "ನಿಮ್ಮಪ್ಪಗ ಹೇಳವ್ವ, ಚಹಾ ಆರಾಕ್ಹತ್ತೈತಿ ಅಂತ," "ಕೇಳವ್ವ ನಿಮ್ಮಪ್ಪಗ, ಆಫೀಸಿಗೆ ಡಬ್ಬಿ ಒಯ್ತಾರೋ ಇಲ್ಲೋ" ಎನ್ನುತ್ತಿದ್ದರು. ಅವನೂ ಕೂಸಿಗೇ ಉತ್ತರಿಸುತ್ತಿದ್ದ. ಸೌಮ್ಯಾ ಬಿದ್ದು ಬಿದ್ದು ನಗುತ್ತಿದ್ದಳು: "ಟೂ ಮಂತ್ಸ್ ಓಲ್ಡ್ ಕೂಸಿನ ಮ್ಯಾಲೆ ಎಷ್ಟ್ ಪ್ರೆಷರ್ ಹಾಕ್ತೀರಿ ಇಬ್ರೂ!" ಈಗ ಕೂಸು ರಾಲಿಯಲ್ಲಿತ್ತು. ಅದರ ಪಾಸ್‌ಪೋರ್ಟ್ ಇನ್ನೂ ಬಂದಿರಲಿಲ್ಲ, ಸೌಮ್ಯಾ ಹೊರಡುವಂತಿರಲಿಲ್ಲ. ಬರುವಾಗ ಒಬ್ಬರೇ ಬಂದ ಅತ್ತೆ ನಡುವಿನ ಯಾವುದೋ ವಿಮಾನ ನಿಲ್ದಾಣದಲ್ಲಿ ದಾರಿ ತಪ್ಪಿ, ಯಾರನ್ನೂ ಕೇಳದೆ, ಏನೂ ತಿನ್ನದೆ ಆರು ತಾಸು ಒಂದೇ ಕುರ್ಚಿಯಲ್ಲಿ ಕೂತಿದ್ದರೆಂದು ಆಮೇಲೆ ಗೊತ್ತಾಗಿತ್ತು. ಹಾಗಾಗಿ ತಿರುಗಿ ಬಿಟ್ಟು ಬರುವ ಕೆಲಸ ಅವನದು. ಐದು ತಿಂಗಳು ಡೈಪರು, ಬಾಣಂತಿಯ ಸ್ನಾನ, ಕಷಾಯ ಬಿಟ್ಟು ಅವ್ವ ಏನೂ ನೋಡಲಿಲ್ಲ, ದಾರಿಯಲ್ಲಾದರೂ ಒಂದು ಊರು ತೋರಿಸು ಎಂದು ಸೌಮ್ಯಾ ಹೇಳಿದ್ದಳು. ತೋರಿಸುತ್ತಿದ್ದಾನೆ. ಅವರ ಮುಖ ಕಿಟಕಿಯ ಕಡೆಗಿತ್ತು, ಕಣ್ಣು ಮುಚ್ಚಿತ್ತು.

ಸಾಕುರಾದಲ್ಲಿ ಇಳಿದಾಗ ಇನ್ನೂ ಹತ್ತು ಗಂಟೆ, ಜುಲೈ ತಿಂಗಳ ಬಿಸಿಲು ಆಗಲೇ ರಸ್ತೆಯಿಂದ ಎದ್ದು ಮುಖಕ್ಕೆ ಹೊಡೆಯುತ್ತಿತ್ತು. ನಿಲ್ದಾಣದಿಂದ ಏರುದಾರಿ. ಬಸ್ಸಿನ ಬೋರ್ಡನ್ನು ಓದಲಾಗದೆ, ಓದಲಾಗುತ್ತಿಲ್ಲವೆಂದು ಯಾರ ಮುಂದೂ ತೋರಿಸಿಕೊಳ್ಳಲಾರದೆ, ನಡೆದೇ ಹೋಗೋಣ ಎಂಬಂತೆ ಅವನು ಮುಂದೆ ನಡೆದುಬಿಟ್ಟ. ಹತ್ತು ಹೆಜ್ಜೆ ಹಿಂದೆ ಅವರು. ಅವನು ನಿಂತರೆ ಅವರೂ ನಿಲ್ಲುತ್ತಿದ್ದರು, ಆ ಹತ್ತು ಹೆಜ್ಜೆ ಕಡಿಮೆಯಾಗುತ್ತಲೇ ಇರಲಿಲ್ಲ. ಹಿಂದಿನಿಂದ ಒಂದು ವಿದ್ಯುತ್ ಕಂಬಕ್ಕೆ ಹೇಳಿದ ಮಾತು ಕೇಳಿಸಿತು: "ಏನ್ ಸ್ವಚ್ಛ ಇಟ್ಟಾರವ್ವ ಓಣಿ. ಒಂದ ಮಂದಿ ಇಲ್ಲ." ಸ್ವಲ್ಪ ಹೊತ್ತಿಗೆ ಇನ್ನೊಂದು ಕಂಬಕ್ಕೆ: "ಒಂದೀಟು ನೆರಳಿದ್ದಲ್ಲಿ ನಿಂದ್ರಬಹುದಿತ್ತು." ಅವನು ನೆರಳಿದ್ದಲ್ಲಿ ನಿಂತ. ಫೋನಿನಲ್ಲಿ ಸೌಮ್ಯಾ ಬಂದಳು; ಅಲ್ಲಿ ರಾತ್ರಿ ಒಂಬತ್ತು, ಕೂಸು ಅಳುತ್ತಿತ್ತು. "ಸಿದ್ದು, ಅವ್ವಗ ಬಿಸಲಾಗ ಭಾಳ ವಾಕ್ ಮಾಡಸಬ್ಯಾಡ, ಪ್ಲೀಸ್. ಬಿಪಿ ಟ್ಯಾಬ್ಲೆಟ್ ನಿನ್ನ ಬ್ಯಾಕ್‌ಪ್ಯಾಕ್ ಒಳಗ ಐತಿ, ಊಟದ ಮ್ಯಾಲೆ ಕೊಡು. ನಾ ಇನ್ನ ಮಲಗ್ತೀನಿ, ಫೋನ್ ಸೈಲೆಂಟ್ ಇಡ್ತೀನಿ, ಕೂಸು ಎದ್ದರ ಮುಗೀತು ನನ್ ಕಥಿ." ಮಲಗಬೇಡ ಎನ್ನಬೇಕೆನಿಸಿತು. ಅವಳು ಮಲಗಿದರೆ ಈ ಊರಿನಲ್ಲಿ ತಾವಿಬ್ಬರೂ ಮೂಕರಾಗುತ್ತೇವೆ. "ಹೂಂ, ಮಲ್ಕೋ" ಎಂದ.

ಬೆವರಿಗೆ ಅಂಗಿಯೊಳಗಿನ ಶಿವದಾರ ಕುತ್ತಿಗೆಗೆ ಅಂಟಿ, ಅದರ ತುದಿಯ, ಇಷ್ಟಲಿಂಗ ಇಡುವ ಬೆಳ್ಳಿಯ ಕರಡಿಗೆ ಹೆಜ್ಜೆಹೆಜ್ಜೆಗೂ ಎದೆಗೆ ಬಡಿಯುತ್ತಿತ್ತು. ಅದನ್ನು ಹಾಕಿಕೊಂಡಿದ್ದು ಐದು ತಿಂಗಳ ಹಿಂದೆ, ಅತ್ತೆ ಬರುವ ಹಿಂದಿನ ದಿನ. ಅದಕ್ಕೂ ಮೊದಲು ಬಹಳ ಕಾಲ ಅದು ಯಾವ ಊರಿನ ಯಾವ ಡ್ರಾಯರಿನಲ್ಲಿತ್ತೆಂದು ಹೇಳುವುದು ಕಷ್ಟ. ಅಮೆರಿಕಕ್ಕೆ ಹೋದ ಹೊಸದರಲ್ಲಿ ನಾರ್‌ಕ್ರಾಸಿನಲ್ಲಿ ನಾಲ್ಕು ಜನ ಹಂಚಿಕೊಂಡಿದ್ದ ಅಪಾರ್ಟ್‌ಮೆಂಟಿನಲ್ಲಿ ಕೊರಳಲ್ಲಿ ಇತ್ತು, ಅದು ನೆನಪಿದೆ. ಒಬ್ಬ ರೂಮ್‌ಮೇಟ್ ಅದೇನು ಪೆನ್‌ಡ್ರೈವಾ ಎಂದು ಕೇಳಿದ್ದ. ರಾಕ್‌ವಿಲ್‌ಗೆ ಹೋದ ವರ್ಷ, ಮನೆಯೊಳಗೇ ಕೂತು ಕೆಲಸ ಮಾಡುವ ಆ ದಿನಗಳಲ್ಲಿ, ಸ್ನಾನವೇ ತಪ್ಪಿಹೋಗಿ, ಸ್ನಾನದ ಜೊತೆ ಪೂಜೆ ತಪ್ಪಿ, ಪೂಜೆಯ ಜೊತೆ ಅದೂ ಕೊರಳಿಂದ ಇಳಿದಿತ್ತು. ಅತ್ತೆ ಬರುವ ಹಿಂದಿನ ದಿನ ಬೆಳ್ಳಿ ಕಪ್ಪಾಗಿದೆ, ಉಜ್ಜಿ ಹಾಕಿಕೊಳ್ಳೋಣ ಎಂದು ಬಾತ್‌ರೂಮಿನಲ್ಲಿ ಅದನ್ನು ತೆಗೆದರೆ, ಮುಚ್ಚಳ ತಿರುಗಿಸುವ ಮೊದಲೇ ಸಡಿಲಾಗಿ ಕೈಗೆ ಬಂತು. ಒಳಗೆ ಲಿಂಗವಿರಲಿಲ್ಲ. ಎಂಟನೆಯ ವಯಸ್ಸಿನಲ್ಲಿ ಸ್ವಾಮಿಗಳು ಅಂಗೈಯಲ್ಲಿಟ್ಟು, ಇದು ಇನ್ನು ನೀನೇ ಎಂದಿದ್ದ ಆ ಕರಿಯ ನುಣುಪು. ಅದು ಕೂತಿದ್ದ ಜಾಗದಲ್ಲಿ ಒಂದು ಮಸಿಯ ಉಂಗುರ ಮಾತ್ರ ಇತ್ತು. ಎಲ್ಲಿ ಬಿತ್ತು, ಯಾವಾಗ ಬಿತ್ತು, ಎಷ್ಟು ತಿಂಗಳು ಖಾಲಿ ಬೆಳ್ಳಿಯನ್ನು ತಾನು ಎದೆಯ ಮೇಲೆ ಹೊತ್ತಿದ್ದೆ? ಅವನನ್ನು ಕಂಗೆಡಿಸಿದ್ದು ಕಳೆದದ್ದಲ್ಲ, ಕಳೆದದ್ದು ಗೊತ್ತಾಗದೇ ಇದ್ದದ್ದು. ಹೊರಗಿನಿಂದ ಸೌಮ್ಯಾ "ಎಷ್ಟೊತ್ತು ಸಿದ್ದು?" ಎಂದು ಬಾಗಿಲು ಬಡಿದಾಗ ಅವನು ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ, ಕೊರಳಿಗೆ ಹಾಕಿಕೊಂಡು ಹೊರಗೆ ಬಂದಿದ್ದ. "ಆಹಾ, ಅವ್ವ ನೋಡಿದ್ರ ಖುಷಿ ಆಗ್ತಾಳ" ಎಂದಿದ್ದಳು ಅವಳು. ಅತ್ತೆ ನೋಡಿದ್ದರು, ಖುಷಿಯೂ ಆಗಿದ್ದರು. "ನಿಮ್ಮಪ್ಪ ಈ ದೇಶದಾಗೂ ಬಿಟ್ಟಿಲ್ಲ ನೋಡವ್ವ" ಎಂದು ಕೂಸಿಗೆ ಹೇಳಿದ್ದರು.

ಸಮುರಾಯಿಗಳು ವಾಸವಿದ್ದ ಮೂರು ಮನೆಗಳು ಬಿದಿರು ಮೆಳೆಯ ಆಚೆ ಒಂದೇ ಬೀದಿಯಲ್ಲಿದ್ದವು. ಹುಲ್ಲಿನ ಚಾವಣಿ, ಅಗಲವಾದ ಹಜಾರ, ಮೆಟ್ಟಿಲ ಬಳಿ ಚಪ್ಪಲಿ ಬಿಡುವ ಒಂದು ದೊಡ್ಡ ಕಲ್ಲು. ಅತ್ತೆ ಬಾಗಿ, ಶೂಗಳ ಗಂಟು ಬಿಚ್ಚಲಾರದೆ ಬಹಳ ಹೊತ್ತು ಬಾಗಿಯೇ ಇದ್ದರು. ಬಿಚ್ಚಿಕೊಡಬೇಕೆಂದು ಅವನಿಗೆ ಅನಿಸಿತು. ಅತ್ತೆಯ ಕಾಲಿಗೆ ಅಳಿಯ ಕೈ ಹಾಕಿದರೆ ಅವರು ಅಲ್ಲೇ ಅತ್ತುಬಿಡುತ್ತಾರೆಂದೂ ಅನಿಸಿತು. ಅವನು ಚಾವಣಿ ನೋಡುತ್ತ ನಿಂತ. ಮನೆ ತೋರಿಸುವ ಸ್ವಯಂಸೇವಕ, ಎಪ್ಪತ್ತೈದು ದಾಟಿದ ಮುದುಕ, ಎದೆಯ ಮೇಲೆ ಹೆಸರಿನ ಪಟ್ಟಿ ಹಾಕಿಕೊಂಡು, ಓಡಿಬಂದು ಮೊಣಕಾಲೂರಿ ಗಂಟು ಬಿಚ್ಚಿದ. ಅತ್ತೆ ನಾಚಿ, ಅವನ ತಲೆ ಮುಟ್ಟುವಷ್ಟು ಬಾಗಿ, "ಬ್ಯಾಡೋ ಯಪ್ಪಾ, ದೊಡ್ಡಾವ ನೀ" ಎಂದರು. ಆಮೇಲೆ ಒಳಗೆ ಚಾಪೆಯ ಮೇಲೆ ಕೂತು, ಮುದುಕ ಜಪಾನಿಯಲ್ಲಿ ಒಲೆ, ಕತ್ತಿ ಇಡುವ ಗೂಡು, ಬಾಗಿಲು ಎಲ್ಲ ವಿವರಿಸುವುದನ್ನು ಅರ್ಥವಾದವರಂತೆ ಕೇಳಿ, ಆ ಮುದುಕನನ್ನೇ ನೋಡುತ್ತ ಕನ್ನಡದಲ್ಲಿ ಹೇಳಿದರು: "ನಮ್ಮ ಅಳಿಯಂದ್ರಿಗೆ ಒಂದ್ ಮಾತ್ ಹೇಳಪಾ, ಟೊಪ್ಪಿಗಿ ಇಲ್ಲದ ಬಿಸಲಾಗ ತಿರಗಬ್ಯಾಡ್ರಿ ಅಂತ." ಮುದುಕ ಹೌದು ಹೌದೆಂಬಂತೆ "ಹಾಯ್, ಹಾಯ್" ಎಂದು ತಲೆಬಾಗಿದ. ಸಿದ್ಧಲಿಂಗೇಶ ಆ ಮುದುಕನಿಗೆ, "ಆತು, ಹಾಕ್ಕೋತೀನಿ ಅಂತ ಹೇಳ್ರಿ" ಎಂದ. ಮುದುಕ ಅತ್ತೆಯ ಕಡೆ ತಿರುಗಿ ಮತ್ತೆ ತಲೆಬಾಗಿದ. ಆ ದಿನ ಅವರು ಮೂವರೂ ನಕ್ಕದ್ದು ಆಗ ಮಾತ್ರ. ಅತ್ತೆ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು, ಅವರ ಒಂದು ಹಲ್ಲು ಮುರಿದಿರುವುದನ್ನು ಅವನು ಮೊದಲ ಸಲ ನೋಡಿದ.

ಕೋಟೆ ಇರಲಿಲ್ಲ. ಮರಗಳ ನಡುವೆ ಹಸಿರು ಹುಲ್ಲಿನ ದೊಡ್ಡ ತಗ್ಗುಗಳಿದ್ದವು, ನೀರಿಲ್ಲದ ಕಂದಕಗಳು, ದಿಬ್ಬಗಳಿದ್ದವು, ಒಂದು ಎತ್ತರದ ಬಯಲಿತ್ತು, ಅಲ್ಲಿ ಇನ್ನೂರು ವರ್ಷದ ಹಿಂದೆ ಸುಟ್ಟುಹೋದ ಗೋಪುರವೊಂದು ಇತ್ತೆಂದು ಇಂಗ್ಲಿಷಿನ ಫಲಕ ಹೇಳುತ್ತಿತ್ತು. ಹೋಟೆಲಿನ ಕರಪತ್ರದಲ್ಲಿ ಕೋಟೆಯ ಊರು ಎಂದಿತ್ತೇ ಹೊರತು ಕೋಟೆ ಇದೆ ಎಂದು ಇರಲಿಲ್ಲ; ಅವನು ಅಷ್ಟಕ್ಕೇ ನೆಚ್ಚಿ, ಅರವತ್ತಾರು ವರ್ಷದ ಹೆಂಗಸನ್ನು ಈ ಬಿಸಿಲಿನಲ್ಲಿ ಏರು ಹತ್ತಿಸಿದ್ದ. ಮನೆಯ ಹಿತ್ತಿಲಿನಿಂದಲೇ ಗುಡ್ಡದ ಕೋಟೆಯ ಗೋಡೆ ಕಾಣುವ ಊರಿನವರಾದ ಅತ್ತೆ ಸುತ್ತಲೂ ನೋಡಿ ಒಂದು ಮರವನ್ನು ಕೇಳಿದರು: "ಕ್ವಾಟಿ ಎಲ್ಲೈತಿ?" ಮರ ಸುಮ್ಮನಿತ್ತು. "ಇಲ್ಲೇ ಇತ್ತಂತ" ಎಂದು ಅವನೂ ಆ ಮರಕ್ಕೆ ಹೇಳಿದ. "ಇಷ್ಟ ದೂರ ಬಂದೀವಿ, ಕುಂದ್ರೂಣಂತ" ಎಂದು ಅವರು ಅದರ ಬುಡದಲ್ಲಿ ಕೂತರು. ಅದರಲ್ಲಿ ಕೊಂಕು ಇತ್ತೇ? ಇರಲಿಲ್ಲವೆಂದೇ ಕಾಣುತ್ತದೆ. ಡಬ್ಬಿ ತೆರೆದು ಒಣರೊಟ್ಟಿ, ಶೇಂಗಾ ಚಟ್ನಿಯಲ್ಲಿ ಅವನ ಪಾಲನ್ನು ಮುಚ್ಚಳದ ಮೇಲಿಟ್ಟು ಹುಲ್ಲಿನ ಮೇಲೆ ಅವನತ್ತ ಸರಿಸಿದರು. ಊಟಕ್ಕೆ ಮುಂಚೆ ಅವರು ಬಲಗೈಯ ಮೂರು ಬೆರಳನ್ನು ಸೆರಗಿನೊಳಗೆ ಕೊರಳ ಕೆಳಗೆ ಒಯ್ದು, ಆಮೇಲೆ ಕಣ್ಣಿಗೊತ್ತಿಕೊಳ್ಳುತ್ತಾರೆ. ಐದು ತಿಂಗಳು ದಿನಕ್ಕೆರಡು ಸಲ ಅವನು ಅದನ್ನು ನೋಡದಂತೆ ನೋಡಿದ್ದ. ಈಗಲೂ ಬೆರಳುಗಳು ಒಳಗೆ ಹೋದವು. ಬಹಳ ಹೊತ್ತು ಹೊರಗೆ ಬರಲಿಲ್ಲ.

ಅವನು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಿದ್ದ. ಅವರು ಡಬ್ಬಿಗೆ ಮುಚ್ಚಳವಿಲ್ಲದ್ದರಿಂದ ಅದರ ಮೇಲೆ ಕರವಸ್ತ್ರ ಹಾಕಿ, ಕೈ ಕಟ್ಟಿ ಕೂತರು. "ಊಟ ಮಾಡಬೇಕು" ಎಂದು ಅವನು ಹುಲ್ಲಿಗೆ ಹೇಳಿದ. ಯಂತ್ರಕ್ಕೆ ನಾಣ್ಯ ಹಾಕಿ ತಂದಿದ್ದ ತಣ್ಣನೆಯ ನೀರಿನ ಬಾಟಲಿಯನ್ನು ಅವರ ಕಡೆ ಉರುಳಿಸಿದ. ಅವರು ಮುಟ್ಟಲಿಲ್ಲ. ಕೋಟೆಯ ವಿಷಯಕ್ಕೆ ಸಿಟ್ಟೇ? ಶೂ ಬಿಚ್ಚಲಿಲ್ಲವೆಂದೇ? ಅವರಿಗಿಂತ ಮೊದಲು ತುತ್ತು ಬಾಯಿಗಿಟ್ಟೆನೆಂದೇ? ಬಾಯಲ್ಲಿದ್ದ ರೊಟ್ಟಿಯನ್ನು ನುಂಗಲೂ ಆಗದೆ ಉಗುಳಲೂ ಆಗದೆ ಅವನು ಫೋನು ತೆಗೆದ. ರಾಲಿಯಲ್ಲಿ ಹನ್ನೊಂದೂವರೆ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದ. ನಾಲ್ಕು ಸಲ. ಕಂದಕದ ಮರಗಳಲ್ಲಿ ಜೀರುಂಡೆಗಳು ಗರಗಸದಂತೆ ಕೂಗುತ್ತಿದ್ದವು. ಅತ್ತೆಯ ತುಟಿ ಒಣಗಿ ಬಿಳಿಯಾಗಿತ್ತು, ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿನ ಮೇಲೆ ಇಳಿದಿತ್ತು. ಹದಿನೈದು ನಿಮಿಷವೋ ಇಪ್ಪತ್ತೋ. ಆಮೇಲೆ ಅವರು ಅವನ ಕಡೆ ತಿರುಗಿದರು. ಮರಕ್ಕಲ್ಲ, ಹುಲ್ಲಿಗಲ್ಲ. ಅವನ ಕಣ್ಣನ್ನೇ ನೋಡಿ ಹೇಳಿದರು.

"ನನ್ನ ಲಿಂಗ ಇಲ್ರಿ."

ಆರು ವರ್ಷದ ಮೇಲೆ ಬಂದ ಆ ನೇರ ಮಾತಿಗೆ ಅವನು ಇನ್ನೇನು "ನಂದೂ" ಎಂದುಬಿಡುತ್ತಿದ್ದ. ಆ ಪದ ನಾಲಿಗೆಯ ಮೇಲೆ, ಅಗಿದ ರೊಟ್ಟಿಯ ಜೊತೆ, ಇದ್ದೇ ಇತ್ತು. "ಎಲ್ಲಿ ಬಿತ್ರಿ?" ಎಂದು ಕೇಳಿದ. "ಗೊತ್ತಿದ್ರ ಹೇಳ್ತಿದ್ದೆ" ಎಂದರು. ಸೆರಗಿನ ಒಳಗಿಂದ ಹರಿದ ಶಿವದಾರದ ಎಳೆ ತೆಗೆದು ತೋರಿಸಿದರು. ಬೆವರಿಗೆ ನೆಂದು ನೆಂದು ಸವೆದಿತ್ತು. "ಊರಿಗೆ ಹೋಗಿ ಹೊಸಾದು ಹಾಕ್ಕೊಂಡ್ರಾತು ಅಂತ ಬಿಟ್ಟೆ. ಬಾಣಂತನದಾಗ ಎಲ್ಲಿ ಪುರಸೊತ್ತು. ನಂದ ತಪ್ಪು."

ಅವರನ್ನು ನೆರಳಲ್ಲೇ ಕೂರಿಸಿ ಅವನು ಬಂದ ದಾರಿಯಲ್ಲೇ ಓಡಿದ. ಬಿದಿರಿನ ಇಳಿಜಾರಿನ ಒಣಗಿದ ಎಲೆಗಳನ್ನು ಕಾಲಿನಿಂದ ಸರಿಸಿದ, ಆಮೇಲೆ ಕಾಲಿನಿಂದ ಸರಿಸಬಾರದೆಂದು ನೆನಪಾಗಿ ಕೂತು ಕೈಯಿಂದ ಸರಿಸಿದ. ತನ್ನದನ್ನು ತಾನು ಒಂದು ದಿನವೂ ಹೀಗೆ ಹುಡುಕಿರಲಿಲ್ಲ. ಮೂರು ಊರು, ಐದು ಬಾಡಿಗೆ ಮನೆ, ಕಾರ್ಪೆಟ್ಟಿನ ಎಷ್ಟು ಮೂಲೆಗಳು. ಒಂದು ಮನೆಯ ಮಾಲೀಕನಿಗೂ ಒಂದು ಇಮೇಲ್ ಬರೆದಿರಲಿಲ್ಲ. ಸಮುರಾಯಿ ಮನೆಯ ಮುದುಕ ಅವನನ್ನು ನೋಡಿ ಗಾಬರಿಯಿಂದ ಎದ್ದ. ಫೋನಿನಲ್ಲಿ ಅನುವಾದದ ಆ್ಯಪ್ ತೆರೆದು ಅವನು ಬೆಳ್ಳಿಯ ಚಿಕ್ಕ ಪೆಟ್ಟಿಗೆ ಎಂದು ಇಂಗ್ಲಿಷಿನಲ್ಲಿ ಬರೆದ. ಮುದುಕ ಓದಿ, ಒಳಗೆ ಏನು ಎಂದು ಸನ್ನೆಯಲ್ಲಿ ಕೇಳಿದ. ಕಲ್ಲು ಎಂದು ಬರೆದ. ಅಳಿಸಿದ. ದೇವರು ಎಂದು ಬರೆದ, ಅದನ್ನೂ ಅಳಿಸಿದ. ಕೊನೆಗೆ, 'ಅದಿಲ್ಲದೆ ಅವರು ನೀರು ಕುಡಿಯುವುದಿಲ್ಲ' ಎಂದು ಬರೆದ. ಮುದುಕ ಅದನ್ನು ಎರಡು ಸಲ ಓದಿದ. ಇಬ್ಬರೂ ಅಂಗಳ, ಹಜಾರದ ಕೆಳಗು, ಚಾಪೆಯ ಅಂಚುಗಳನ್ನೆಲ್ಲ ನೋಡಿದರು. ಸಿಗಲಿಲ್ಲ. ಇನ್ನೆರಡು ಮನೆಗಳನ್ನೂ ನೋಡುತ್ತೇನೆ, ನೀನು ಅವರ ಹತ್ತಿರ ಹೋಗು ಎಂಬಂತೆ ಮುದುಕ ಎರಡೂ ಕೈಯಿಂದ ಅವನನ್ನು ಬೀದಿಯ ಕಡೆಗೆ ತಳ್ಳಿದ.

ಅವನು ಮರಳಿದಾಗ ಒಂದೂವರೆಯಾಗಿತ್ತು. ಅತ್ತೆ ಮರಕ್ಕೆ ಒರಗಿದ್ದರು. ಸೆರಗು ತಲೆಯಿಂದ ಜಾರಿ, ನರೆತ ತೆಳು ಕೂದಲಿನ ನೆತ್ತಿ ಕಾಣುತ್ತಿತ್ತು, ಅದನ್ನು ಸರಿಪಡಿಸಿಕೊಳ್ಳುವ ಶಕ್ತಿ ಇದ್ದಂತೆ ಕಾಣಲಿಲ್ಲ. ಅವನು ಖಾಲಿ ಕೈ ತೋರಿಸಿದ. ಅವರು ಕಣ್ಣು ಮುಚ್ಚಿ ತೆರೆದರು. "ಅತ್ತಿಯವರ, ನೀರರ ಕುಡೀರಿ. ಗುಳಗಿ ತಗೋಬೇಕು. ಸೌಮ್ಯಾಗ ನಾ ಏನ್ ಹೇಳ್ಲಿ?" ತನ್ನ ದನಿ ಅವನಿಗೇ ಮಗುವಿನದೆನಿಸಿತು.

"ಲಿಂಗಿಲ್ಲದ ಮೈಗೆ ನೀರ ಹೆಂಗ ಹಾಕ್ಲಿ? ನಮ್ಮವ್ವ ಇದ್ದಿದ್ರ ನನ್ನ ಹಡದದ್ದಕ್ಕ ನಾಚತಿದ್ಲು."

"ಬ್ಯಾರೆ ದೇಶ ಐತ್ರಿ. ಯಾರೂ ನೋಡಂಗಿಲ್ಲ."

"ನಾ ನೋಡ್ತೀನಲ್ರಿ."

ಅವರ ಉಸಿರು ಚಿಕ್ಕದಾಗಿ, ಬೇಗ ಬೇಗ ಬರುತ್ತಿತ್ತು. ಆಂಬುಲೆನ್ಸ್ ಕರೆಯುವುದಾದರೆ ಯಾವ ನಂಬರಿಗೆ ಎಂದು ಅವನು ಯೋಚಿಸುತ್ತಿದ್ದಾಗ ಅವರ ಕಣ್ಣು ಅವನ ಅಂಗಿಯ ಮೇಲಿನ ಗುಂಡಿಯ ಬಳಿ ನಿಂತಿತ್ತು. ಓಡಾಟದಲ್ಲಿ ಗುಂಡಿ ಬಿಚ್ಚಿ, ಬೆಳ್ಳಿ ಹೊರಗೆ ಇಣುಕಿತ್ತು. "ನಿಮ್ದ್ ಐತೆಲ್ಲ," ಎಂದರು ಮೆಲ್ಲಗೆ, ಇಷ್ಟು ಹೊತ್ತು ಅದು ತಮಗೆ ಹೊಳೆಯದಿದ್ದದ್ದಕ್ಕೆ ಬೆರಗಾದವರಂತೆ. "ಪೂಜಿ ಮಾಡ್ರಿ. ಮಾಡಿ ತೀರ್ಥ ಕೊಡ್ರಿ ನನಗ. ನಿಮ್ಮ ಕೈ ತೀರ್ಥ ತಗೊಂಡ್ರ ನಡೀತೈತಿ. ಅದನ್ನ ಕುಡೀತೀನಿ." ಸೊಂಟದ ಚೀಲದಿಂದ ವಿಭೂತಿಯ ಗಟ್ಟಿ ತೆಗೆದು, ಕೈಗೆ ಕೊಡದೆ, ಇಬ್ಬರ ನಡುವೆ ಒಂದು ಎಲೆಯ ಮೇಲಿಟ್ಟರು. ಆ ಸ್ಥಿತಿಯಲ್ಲೂ ಕೈಗೆ ಕೊಡಲಿಲ್ಲ.

ಈಗ ಹೇಳಬಹುದು ಎಂದು ಅವನಿಗನಿಸಿತು. ಹೇಳಿದರೆ ಅವರು ಈ ಮರದ ಕೆಳಗೆ ಕುಡಿಯದೆ ಕೂತಿರುತ್ತಾರೆ, ಆರು ತಾಸು ಆ ಕುರ್ಚಿಯಲ್ಲಿ ಕೂತಂತೆ. ಹೇಳದಿದ್ದರೆ ಕುಡಿಯುತ್ತಾರೆ, ಬದುಕುತ್ತಾರೆ, ಏನು ಕುಡಿದೆನೆಂದು ತಿಳಿಯದೆ. ಯಾವುದು ಪಾಪವೆಂದು ಕೇಳಲು ಅವನಿಗೆ ಯಾರೂ ಇರಲಿಲ್ಲ. ಅವನಿಗೆ ಪಾಪದಲ್ಲಿ ನಂಬಿಕೆಯೂ ಇರಲಿಲ್ಲ, ಬೆಳಿಗ್ಗೆಯವರೆಗೆ. ಅವನು ಬಾಟಲಿಯಿಂದ ಕೈ ತೊಳೆದು, ಪೂಜೆಯನ್ನು ಯಾರೆದುರೂ ತೆರೆದಿಡುವುದಿಲ್ಲವಾದ್ದರಿಂದ, ಪದ್ಧತಿಯೇ ಅವನಿಗೆ ದಾರಿ ಮಾಡಿಕೊಟ್ಟಂತೆ, ಅವರಿಗೆ ಬೆನ್ನು ಮಾಡಿ ಕೂತ. ಕರವಸ್ತ್ರವನ್ನು ಕೈಗಳ ಮೇಲೆ ಹೊದಿಸಿಕೊಂಡ. ಮುಚ್ಚಳ ತಿರುಗಿಸಿದ. ಮಸಿಯ ಉಂಗುರ. ಎಡಗೈಯನ್ನು ಎದೆಯ ಮಟ್ಟಕ್ಕೆ ಎತ್ತಿದಾಗ ಕೈಗೆ ಎಲ್ಲವೂ ನೆನಪಿತ್ತು: ನಡುಬೆರಳು ಒಳಕ್ಕೆ ಮಡಚುವುದು, ಹೆಬ್ಬೆರಳು ಹೊರಗೆ, ಅಂಗೈ ಒಂದು ಚಿಕ್ಕ ಬಾವಿಯಾಗುವುದು. ಬಾಲ್ಯದಲ್ಲಿ ಆ ಬಾವಿಯ ನಡುವೆ ತಣ್ಣಗೆ ಕೂರುತ್ತಿದ್ದ ತೂಕವೂ ನೆನಪಿತ್ತು, ಎಷ್ಟೆಂದರೆ ಒಂದು ಕ್ಷಣ ಅದು ಇದೆಯೆಂದೇ ತೋರಿತು. ವಿಭೂತಿ ಹಚ್ಚಲು ಬೆರಳು ಒತ್ತಿದರೆ ತನ್ನದೇ ಚರ್ಮ ಸಿಕ್ಕಿತು. ಮಂತ್ರವನ್ನು ಜೋರಾಗಿ ಹೇಳಿದ, ಹಿಂದೆ ಕೇಳಿಸಲೆಂದು. ಹಿಂದಿನಿಂದ ಕ್ಷೀಣ ದನಿಯೂ ಸೇರಿತು. ಖಾಲಿ ಅಂಗೈಯ ಮೇಲೆ ನೀರು ಸುರಿದ. ನೀರು ನಿಂತಿತು, ವಿಭೂತಿಯಿಂದ ಬೆಳ್ಳಗಾಯಿತು, ಬೆರಳ ಸಂದಿಯಿಂದ ಒಂದಿಷ್ಟು ಸೋರಿ ಕೋಟೆಯಿಲ್ಲದ ಆ ನೆಲಕ್ಕೆ ಬಿತ್ತು. ಉಳಿದದ್ದನ್ನು ಬಾಟಲಿಯ ಬಿರಡೆಗೆ ಇಳಿಸಿ, ಕರಡಿಗೆಯ ಮುಚ್ಚಳ ಮುಚ್ಚಿ, ತಿರುಗಿದ.

ಅವರು ಎದ್ದು ಕೂತಿದ್ದರು. ಸೆರಗು ತಲೆಯ ಮೇಲೆ ಬಂದಿತ್ತು. ಎರಡೂ ಕೈ ಜೋಡಿಸಿ ಬೊಗಸೆ ಒಡ್ಡಿದರು, ಅವನೆದುರು, ಅಳಿಯನೆದುರು, ಮಗುವಿನ ಹಾಗೆ. ಮೂರು ಸಲ ಹಾಕಿದ. ಮೂರು ಸಲ ಕುಡಿದು, ಒದ್ದೆ ಬೆರಳನ್ನು ಕಣ್ಣಿಗೆ, ನೆತ್ತಿಗೆ ಒತ್ತಿಕೊಂಡರು. "ಶಿವಾ" ಎಂದರು. ಆಮೇಲೆ ಬಾಟಲಿ ಎತ್ತಿ ಗಟಗಟ ಕುಡಿದರು, ಗುಳಿಗೆ ನುಂಗಿದರು, ಅರ್ಧ ರೊಟ್ಟಿ ತಿಂದರು. ಬಣ್ಣ ಮೆಲ್ಲಗೆ ಮುಖಕ್ಕೆ ಮರಳುವುದನ್ನು ಅವನು ನೋಡುತ್ತಿದ್ದ. ಅವರು ಮಾತಾಡಿದರು ಕೂಡ, ನೇರವಾಗಿ, ಅವನ ಜೊತೆ. ಸೌಮ್ಯಾ ಹುಟ್ಟಿದಾಗ ತಾವೂ ಹೀಗೆ ಎರಡು ದಿನ ಏನೂ ತಿಂದಿರಲಿಲ್ಲವೆಂದು. ಅವನ ಮಾವ ಬದುಕಿದ್ದರೆ ಈ ಕಂದಕಗಳನ್ನು ಹೆಜ್ಜೆಯಲ್ಲಿ ಅಳೆಯುತ್ತಿದ್ದರೆಂದು. ರಾಲಿಯಲ್ಲಿ ಮಧ್ಯಾಹ್ನ ಎಲ್ಲರೂ ಮಲಗಿದಾಗ ತಮಗೆ ಬಹಳ ಅಂಜಿಕೆಯಾಗುತ್ತಿತ್ತೆಂದು. "ನಿಮಗ ಹೇಳಬೇಕಂತಿದ್ದೆ, ಹೆಂಗ ಹೇಳ್ಲಿ" ಎಂದು ನಕ್ಕರು. ಆ ಅರ್ಧ ಗಂಟೆ ಅವನು ಹೂಂಗುಟ್ಟುತ್ತ ಕೇಳಿದ.

ಅಷ್ಟರಲ್ಲಿ ದಿಬ್ಬದ ಮೇಲೆ ಸೈಕಲ್ಲು ಕಾಣಿಸಿತು. ಮುದುಕ ಅದನ್ನು ತಳ್ಳಿಕೊಂಡು, ಬೆವರಿನಲ್ಲಿ ತೊಯ್ದು ಬರುತ್ತಿದ್ದ. ದೂರದಲ್ಲೇ ಸೈಕಲ್ಲು ನಿಲ್ಲಿಸಿ, ಜೇಬಿನಿಂದ ಬಿಳಿಯ ಬಟ್ಟೆಯ ಗಂಟು ತೆಗೆದು, ಎರಡೂ ಅಂಗೈಯಲ್ಲಿ ಹಿಡಿದು ನಡೆದು ಬಂದು, ಮೊಣಕಾಲೂರಿ ಅತ್ತೆಯ ಮುಂದೆ ಬಿಚ್ಚಿದ. ಕರಡಿಗೆ. ಚಪ್ಪಲಿಯ ಕಲ್ಲಿನ ಸಂದಿಯಲ್ಲಿ ಬಿದ್ದಿತ್ತೆಂದು ಕೈಯಿಂದ ಕಲ್ಲಿನ ಆಕಾರ ಮಾಡಿ ತೋರಿಸಿದ. ಅತ್ತೆ ಅದನ್ನು ಕಣ್ಣಿಗೊತ್ತಿ, ಸೆರಗಿನ ಮರೆಯಲ್ಲಿ ತೆರೆದು ನೋಡಿ, ಬಿಕ್ಕಿ ಬಿಕ್ಕಿ ಅತ್ತರು. ಮುದುಕನೂ ಮುಖ ತಿರುಗಿಸಿ ಕಣ್ಣೊರೆಸಿಕೊಂಡ. "ನೀ ನನ್ನ ತಂದಿ" ಎಂದರು ಅವನಿಗೆ. ಹರಿದ ದಾರಕ್ಕೆ ಗಂಟು ಹಾಕಿ ಕೊರಳಿಗೆ ಕಟ್ಟಿಕೊಂಡರು. ಆಮೇಲೆ ಆ ಮುದುಕನನ್ನೇ ನೋಡುತ್ತ, ಹಳೆಯ ದನಿಯಲ್ಲಿ ಹೇಳಿದರು: "ನಮ್ಮ ಅಳಿಯಂದ್ರಿಗೆ ಹೇಳಪಾ, ಹೊತ್ತಾತು, ವಿಮಾನ ತಪ್ಪಬಾರದು ಅಂತ."

ಅವನು ಆ ಮುದುಕನಿಗೆ "ಆತು" ಎಂದ.

ರೈಲಿನಲ್ಲಿ ಮತ್ತೆ ಎದುರು ಬದಿ, ಎರಡು ಜಾಗ ಸರಿದು. ಅತ್ತೆಗೆ ಸೌಮ್ಯಾಳ ಫೋನು ಬಂತು. ಕೂಸಿಗೆ ಹಾಲು ಕೊಡಲು ಎದ್ದು ತಪ್ಪಿದ ಕರೆಗಳನ್ನು ನೋಡಿ ಹೆದರಿದ್ದಳು. ಅತ್ತೆ ಇಡೀ ಬೋಗಿಗೆ ಕೇಳಿಸುವಂತೆ ಎಲ್ಲವನ್ನೂ ಹೇಳಿದರು. "ಅಳಿಯಂದ್ರು ಪೂಜಿ ಮಾಡಿ ತೀರ್ಥ ಕೊಟ್ರವ್ವ. ಅದರಿಂದ ಜೀವ ನಿಂತಿತು. ಅವರ ಲಿಂಗದ ಪುಣ್ಯೇನ ನಂದೂ ಸಿಕ್ತು. ಕೂಸಿಗೆ ಲಿಂಗ ಕಟ್ಟೂ ದಿನ ಸ್ವಾಮಿಗಳಕಿಂತ ಮೊದಲ ಅವರ ಕೈಲೆ ತೀರ್ಥ ಕೊಡಸೂಣು." ಆಮೇಲೆ ಅವನಿಗೆ ಫೋನು ಮಾಡಿದಾಗ ಸೌಮ್ಯಾ ನಗುತ್ತಿದ್ದಳೋ ಅಳುತ್ತಿದ್ದಳೋ. "ಸಿದ್ದು, ನೀ ಪೂಜಾ ಮಾಡಿದ್ಯಾ? ಸೀರಿಯಸ್ಲಿ? ಐ ಆ್ಯಮ್ ಸೋ ಪ್ರೌಡ್ ಆಫ್ ಯೂ." "ಹೂಂ" ಎಂದ. ಫೋನಿಟ್ಟ ಮೇಲೆ ಅತ್ತೆ ಕಿಟಕಿಯ ಕಡೆ ತಿರುಗಿದರು. ಹೊರಗೆ ಹಸಿರು ಗದ್ದೆಗಳು, ಅವುಗಳ ಮೇಲೆ ನಡುಗುವ ಬಿಸಿಲು. ಒಂದು ನಿಲ್ದಾಣ ಕಳೆದ ಮೇಲೆ ಕಿಟಕಿಯ ಗಾಜಿಗೆ ಹೇಳಿದರು: "ದಾರ ಒಂದ ಅಲ್ಲ. ಮುಚ್ಚಳಾನೂ ಆಗಾಗ ನೋಡ್ಕೋತಿರಬೇಕು. ಸಡಲ ಆಗ್ತಾವ." ಅವರ ಕರಡಿಗೆಯ ಮುಚ್ಚಳ ಬಿಗಿಯಾಗಿಯೇ ಇತ್ತು, ಹರಿದದ್ದು ದಾರ. ಅವನು ಗಾಜಿನಲ್ಲಿ ಅವರ ಮುಖ ಹುಡುಕಿದ. ಗಾಜಿನಲ್ಲಿ ಬೆಳಕು ತುಂಬಿ ಏನೂ ಕಾಣಲಿಲ್ಲ.

ಅವನು ಒಂದು ವಾರ ಗಜೇಂದ್ರಗಡದಲ್ಲಿದ್ದ. ಬಂದವರಿಗೆಲ್ಲ ಅತ್ತೆ ಸಾಕುರಾದ ಕಥೆ ಹೇಳಿದರು, ಕೇಳಿದವರು ಅವನನ್ನು ನೋಡಿ ಕೈ ಮುಗಿದರು, ಅವನೂ ಮುಗಿದ. ಹೊರಡುವ ದಿನ ಅತ್ತೆ ಹೊಸ್ತಿಲಲ್ಲಿ ನಿಂತು, ಬಾಗಿಲಿನ ಚೌಕಟ್ಟಿಗೆ "ಹುಷಾರಾಗಿ ಹೋಗಿ ಬರಬೇಕು" ಎಂದರು. ತನ್ನ ಕರಡಿಗೆ ಖಾಲಿಯಾಗಿತ್ತೆಂದು, ಆ ಮರದ ಕೆಳಗೆ ತನ್ನ ಅಂಗೈಯಲ್ಲಿ ಏನೂ ಇರಲಿಲ್ಲವೆಂದು, ಸಿದ್ಧಲಿಂಗೇಶ ಅವರಿಗೆ ಹೇಳಲಿಲ್ಲ.